ಕುದಿಸಿ ಆರಿಸಿದ ನೀರು

ಸೊಸೆ ಹಳೆಯ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಪಾತ್ರೆಯ ಬಾಯಿಗೆ ಹಾಸಿ, ಅಂಚನ್ನು ದಾರದಿಂದ ಬಿಗಿದಳು. ಆಮೇಲೆ ಒಂದೊಂದೇ ಚೊಂಬು ನೀರು ಸುರಿದಳು. ಎಂಟು ಚೊಂಬು. ನೀರು ಬಟ್ಟೆಯ ಮೇಲೆ ಒಂದು ಗಳಿಗೆ ನಿಂತು ಮೆಲ್ಲಗೆ ಕೆಳಗಿಳಿಯಿತು. ಬಟ್ಟೆ ಬಿಚ್ಚಿ ಹಿಂಡಿ ಕಿಟಕಿಯ ಸರಳಿಗೆ ಹಾಕಿದಳು. ಒಲೆ ಹಚ್ಚಿ ಗೋಡೆ ಗಡಿಯಾರದ ಕೆಳಗೆ ಕೈ ಕಟ್ಟಿ ನಿಂತಳು. ಕುದಿ ಬಂದ ಮೇಲೆ ಹದಿನೈದು ನಿಮಿಷ. ಮನೆಯಲ್ಲಿ ಯಾರೂ ಇನ್ನೂ ಎದ್ದಿರಲಿಲ್ಲ.

ಮೊದಲು ಹತ್ತೇ ನಿಮಿಷ ಕುದಿಸುತ್ತಿದ್ದಳು. ಹೋದ ತಿಂಗಳು ಮಹಡಿಯ ಕೋಣೆಯಲ್ಲಿ ಇಳಿದಿದ್ದ ವಯಸ್ಸಾದ ದಂಪತಿ ಇಬ್ಬರಿಗೂ ಹೊಟ್ಟೆ ಕೆಟ್ಟು, ಎರಡು ದಿನ ಮೊದಲೇ ಗಂಟುಮೂಟೆ ಕಟ್ಟಿದ ಮೇಲೆ ಹದಿನೈದಕ್ಕೆ ಏರಿಸಿದ್ದಳು. ಗ್ಯಾಸ್ ಏನು ಆಕಾಶದಿಂದ ಉದುರುತ್ತಾ ಎಂದು ಅತ್ತೆ ಗೊಣಗಿದ್ದರು. ಸೊಸೆ ಕಿವಿಗೆ ಹಾಕಿಕೊಂಡಿರಲಿಲ್ಲ.

ಎಂಟು ಚೊಂಬು ಸುರಿದರೆ ಕುದಿದು ಏಳು ಉಳಿಯುತ್ತಿತ್ತು. ಅದನ್ನು ಸ್ಟೀಲಿನ ಹೂಜಿಗೆ ಬಗ್ಗಿಸಿದರೆ ಕತ್ತಿನಿಂದ ನಾಲ್ಕು ಬೆರಳು ಕೆಳಗೆ ನಿಲ್ಲುತ್ತಿತ್ತು. ತಟ್ಟೆ ಮುಚ್ಚಿ ಕಟ್ಟೆಯ ಮೇಲಿಟ್ಟು, ಏಳೂವರೆಗೆಲ್ಲ ಅವಳು ಹೊಲಿಗೆ ಘಟಕದಲ್ಲಿ ಇರಬೇಕು. ಅಲ್ಲಿ ಸಂಜೆಯವರೆಗೆ ಅಂಗಿಗಳಿಗೆ ಗುಂಡಿಯ ಕಾಜ ಹಾಕುವ ಕೆಲಸ. ಒಂಬತ್ತು ಗಂಟೆಗೆ ಹೂಜಿಯನ್ನು ಮೇಲಕ್ಕೆ ಒಯ್ಯುವುದು ಅತ್ತೆಯ ಪಾಲಿಗೆ ಬಿಟ್ಟ ಕೆಲಸ.

ಮಹಡಿಯ ಕೋಣೆಯನ್ನು ಹೊರದೇಶದಿಂದ ಬರುವವರಿಗೆ ಕೊಡೋಣ ಎಂಬುದು ಸೊಸೆಯದೇ ಯೋಚನೆ. ಗುಡ್ಡದ ಮೇಲಿನ ಹಳೆಯ ಕಟ್ಟಡಗಳನ್ನು ನೋಡಲು ಬರುವವರು ಬೇಕಾದಷ್ಟಿದ್ದರು. ಅವಳೇ ಏಣಿ ಹತ್ತಿ ಗೋಡೆಗೆ ಸುಣ್ಣ ಬಳಿದಳು, ಅವಳೇ ಸೊಳ್ಳೆಪರದೆ ಹೊಲಿದಳು. ಪ್ರವಾಸಿಗಳನ್ನು ಕಳಿಸುವ ಏಜೆನ್ಸಿಯವನು ಬಂದು ನೋಡಿ ಮನೆಯನ್ನು ಪಟ್ಟಿಗೆ ಸೇರಿಸಿದ ದಿನ, ಆ ಮನೆಗೆ ಬಂದು ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಅವಳು ಮಾಡಿದ ಕೆಲಸಕ್ಕೆ ಅವಳದೇ ಹೆಸರು ಬಂದಿತ್ತು. ದಂಪತಿಯ ದೂರು ಹೋದ ಮೇಲೆ ಅದೇ ಏಜೆನ್ಸಿಯವನು ಬಂದು, ಕುರ್ಚಿಯ ತುದಿಯಲ್ಲಿ ಕುಳಿತು, ಇನ್ನೊಬ್ಬರು ಹೀಗೆ ಮಲಗಿದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತೇವೆ ಎಂದು ಹೇಳಿ ಹೋಗಿದ್ದ. ನೀರು ನನ್ನ ಕೈಯಾರೆ ಕುದಿಸುತ್ತೇನೆ ಎಂದು ಅವಳು ಹೇಳಿದ್ದಳು. ಅವನು ತಲೆಯಾಡಿಸಿದ್ದ, ನಂಬಿದವನ ಹಾಗೂ ಅಲ್ಲ, ನಂಬದವನ ಹಾಗೂ ಅಲ್ಲ.

ಈಗ ಇನ್ನೊಬ್ಬಳು ಮಲಗಿದ್ದಳು.

ಆರು ದಿನದ ಹಿಂದೆ ಬಂದವಳು. ತನ್ನ ದೇಶದಲ್ಲಿ ಶಾಲೆಯ ಟೀಚರಂತೆ. ಒಬ್ಬಳೇ ತಿರುಗಾಟಕ್ಕೆ ಹೊರಟಿದ್ದಳು. ನಮ್ಮ ಮಾತನ್ನು ಪುಸ್ತಕದಿಂದ ಕಲಿತು ಬಂದಿದ್ದಳು, ಹಾಗಾಗಿ ಪಾಠ ಒಪ್ಪಿಸಿದ ಹಾಗೆ ಮಾತಾಡುತ್ತಿದ್ದಳು. ಬಂದವಳೇ ಚೀಲವನ್ನು ಸರಪಳಿಯಿಂದ ಮಂಚದ ಕಾಲಿಗೆ ಕಟ್ಟಿ ಬೀಗ ಹಾಕಿದಳು. ಬಾಗಿಲ ಕೆಳಗೆ ಒಳಗಿನಿಂದ ಒಂದು ರಬ್ಬರಿನ ಬೆಣೆ ಸಿಗಿಸಿದಳು. ಪಾಸ್‌ಪೋರ್ಟು ಅಂಗಿಯೊಳಗಿನ ಚೀಲದಲ್ಲಿ, ಅದರ ನಕಲು ಬೂಟಿನ ಅಟ್ಟೆಯ ಕೆಳಗೆ. ಕತ್ತಲಾಗುವ ಮೊದಲು ಮನೆಗೆ, ಎಲ್ಲಿಗೆ ಹೊರಟರೂ ಊರಿನಲ್ಲಿರುವ ತನ್ನ ಅಕ್ಕನಿಗೆ ಒಂದು ಸಂದೇಶ. ಇದೆಲ್ಲ ಅವಳ ಪುಟ್ಟ ನೋಟುಪುಸ್ತಕದಲ್ಲಿ ಬರೆದಿತ್ತು. ಅತ್ತೆ ಮೊದಲ ದಿನವೇ ಅವಳಿಗೆ ಬೀಗದಮ್ಮ ಎಂದು ಹೆಸರಿಟ್ಟರು. ನಮ್ಮ ಮನೇಲಿ ಕೂತು ನಮಗೇ ಬೀಗ ಹಾಕ್ತಾಳೆ ಎಂದು ಮೂಗು ಮುರಿದರೂ, ಹೊತ್ತು ಹೊತ್ತಿಗೆ ಅವಳಿಗೆ ಏನು ಬೇಕೋ ನೋಡಿಕೊಂಡವರು ಅವರೇ.

ಬೀಗದಮ್ಮ ನಂಬಿದ್ದು ಒಂದನ್ನು ಮಾತ್ರ. ಬಂದ ದಿನ ಬಸ್‌ನಿಲ್ದಾಣದ ಬಳಿ ಕೊಂಡ ನೀರಿನ ಬಾಟಲಿಯ ಮುಚ್ಚಳವನ್ನು ಯಾರೋ ಮೊದಲೇ ತೆಗೆದು ಗೋಂದು ಹಚ್ಚಿ ಕೂರಿಸಿದ್ದರು. ಅದನ್ನು ತಂದು ತೋರಿಸಿ, ಅಕ್ಕ, ನೀವು ನೀರು ಕುದಿಸುವುದನ್ನು ನಾನು ನೋಡಬಹುದೇ, ಎಂದು ಕೇಳಿದ್ದಳು. ಮರುದಿನ ಬೆಳಗ್ಗೆ ಐದೂವರೆಗೆ ಅಡುಗೆಮನೆಗೆ ಬಂದು ಗಡಿಯಾರದ ಕೆಳಗೆ ಸೊಸೆಯ ಪಕ್ಕದಲ್ಲೇ ನಿಂತು ಹದಿನೈದು ನಿಮಿಷ ಪೂರ್ತಿ ನೋಡಿದಳು. ಆಮೇಲೆ ನಕ್ಕು, ಸೊಸೆಯ ಕೈ ಹಿಡಿದು ಅದುಮಿ ಹೋದಳು. ಆಮೇಲಿಂದ ಬಾಟಲಿ ಕೊಳ್ಳಲಿಲ್ಲ.

ಹೊಟ್ಟೆನೋವು ಶುರುವಾದದ್ದು ನಿನ್ನೆ ಮಧ್ಯಾಹ್ನ. ಬೆಳಗಾಗುವುದರಲ್ಲಿ ವಾಂತಿ, ಭೇದಿ ಎರಡೂ ಹಿಡಿದು ಮಂಚದಿಂದ ಏಳಲಾರದಂತಾಗಿತ್ತು. ಇವತ್ತೇ ಊರಿಗೆ ಊರೇ ಬಂದ್. ಆರು ಗಂಟೆಯವರೆಗೆ ಬಸ್ಸಿಲ್ಲ, ಅಂಗಡಿಯಿಲ್ಲ, ದೊಡ್ಡ ರಸ್ತೆಯಲ್ಲಿ ಟೈರು ಸುಡುತ್ತಿದ್ದಾರೆ ಎಂದು ಗಂಡ ಮೊಬೈಲು ನೋಡಿಕೊಂಡು ಹೇಳಿದ. ಅವನದು ಆಟೋ. ಸಂದಿಯಲ್ಲಿ ಒತ್ತಟ್ಟಿಗೆ ನಿಲ್ಲಿಸಿ ಮೇಲೆ ಹೊದಿಕೆ ಹಾಕಿ ಬಂದಿದ್ದ. ಹೊಲಿಗೆ ಘಟಕವೂ ಮುಚ್ಚಿತ್ತು. ಎಷ್ಟೋ ತಿಂಗಳ ಮೇಲೆ ಸೊಸೆ ವಾರದ ನಡುವಿನ ದಿನ ಮನೆಯಲ್ಲಿ ಉಳಿದಿದ್ದಳು. ಕಾಲು ಚಾಚಿ ಒಂದು ಗಳಿಗೆ ಕೂರುವ ಆಸೆ ಇತ್ತು. ಅದು ಆಗುವ ಹಾಗೆ ಕಾಣಲಿಲ್ಲ.

ನೀರನ್ನು ಹೂಜಿಗೆ ಬಗ್ಗಿಸಿ ತಟ್ಟೆ ಮುಚ್ಚಿ, ಅವಳು ಮೇಲಿನಿಂದ ಹಾಸಿಗೆಯ ಬಟ್ಟೆಗಳನ್ನು ತಂದು ಹಿತ್ತಲಿನಲ್ಲಿ ಒಗೆಯಲು ಕುಳಿತಳು. ಒಗೆದು ಹಿಂಡಿ ಹರವಿ ಬರುವಷ್ಟರಲ್ಲಿ ಹತ್ತಾಗಿತ್ತು. ಗಂಡ ಅರ್ಧ ಷಟರ್ ಎತ್ತಿದ್ದ ಮೆಡಿಕಲ್ ಶಾಪಿನಿಂದ ಓಆರ್‌ಎಸ್ ಪ್ಯಾಕೆಟ್‌ಗಳನ್ನು ತಂದಿದ್ದ. ನೀರಿನ ಬಾಟಲಿ ಇರಲಿಲ್ಲವಂತೆ, ಗಾಡಿಯೇ ಬಂದಿಲ್ಲವಂತೆ. ಅಂಗಡಿಯವನು ಒಬ್ಬ ಡಾಕ್ಟರ ನಂಬರು ಚೀಟಿಯಲ್ಲಿ ಬರೆದು ಕೊಟ್ಟಿದ್ದ.

ಫೋನಿನಲ್ಲಿ ಡಾಕ್ಟರು ದಣಿದ ದನಿಯಲ್ಲಿ ಒಂದೊಂದಾಗಿ ಕೇಳಿದರು. ಜ್ವರ ಇದೆಯಾ, ರಕ್ತ ಬೀಳ್ತಿದೆಯಾ, ಕೊನೇ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ. ಏನು ತಿಂದಳು, ಯಾವ ನೀರು ಕುಡಿದಳು.

"ಕುದಿಸಿ ಆರಿಸಿದ ನೀರು ಡಾಕ್ಟ್ರೇ. ನಾನೇ ಕುದಿಸ್ತೀನಿ," ಎಂದಳು ಸೊಸೆ. ಈ ಒಂದು ಪ್ರಶ್ನೆಗೆ ಅವಳ ದನಿ ಗಟ್ಟಿಯಾಗಿತ್ತು.

ಹಾಗಾದರೆ ಹೊರಗೆ ಏನೋ ತಿಂದಿರಬೇಕು ಎಂದು ಡಾಕ್ಟರು ಅದನ್ನು ಅಲ್ಲಿಗೇ ಬಿಟ್ಟರು. ಪ್ಯಾಕೆಟ್ಟನ್ನು ಅದೇ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ, ಸಂಜೆಯೊಳಗೆ ಹತ್ತು ಲೋಟವಾದರೂ ಒಳಗೆ ಹೋಗಬೇಕು ಎಂದರು. ಅಂಗೈ ಹಿಂಬದಿಯ ಚರ್ಮವನ್ನು ಚಿವುಟಿ ಬಿಟ್ಟು ನೋಡಿ, ಕೂಡಲೇ ಕೆಳಗೆ ಕೂರದಿದ್ದರೆ ಮೈಯಲ್ಲಿ ನೀರು ಮುಗಿಯುತ್ತಾ ಬಂದಿದೆ ಎಂದು ಅರ್ಥ. ಆಂಬುಲೆನ್ಸಿಗೂ ಹೇಳಿಡಿ, ಆದರೆ ಇವತ್ತು ಅದು ಎಷ್ಟು ಹೊತ್ತಿಗೆ ಬರುತ್ತೋ ಹೇಳೋಕಾಗಲ್ಲ, ಅದನ್ನೇ ನಂಬಿಕೊಂಡು ಕೂರಬೇಡಿ. ಗಂಡ ಆಂಬುಲೆನ್ಸಿಗೆ ಫೋನು ಮಾಡಿದ. ಬರುತ್ತೇವೆ ಎಂದರಂತೆ.

ಸೊಸೆ ಮೇಲೆ ಹೋದಾಗ ಹೂಜಿ ಆಗಲೇ ಮಂಚದ ಪಕ್ಕದ ಸ್ಟೂಲಿನ ಮೇಲಿತ್ತು. ಅತ್ತೆ ಎಂದಿನಂತೆ ತಂದಿಟ್ಟಿದ್ದರು. ಬೀಗದಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಒಂದೇ ದಿನಕ್ಕೆ ಕಣ್ಣು ಗುಳಿ ಬಿದ್ದಿತ್ತು. ಸೊಸೆ ಲೋಟಕ್ಕೆ ನೀರು ಬಗ್ಗಿಸಿ, ಪುಡಿ ಕಲಸಿ, ತಲೆ ಎತ್ತಿ ಹಿಡಿದು ಕುಡಿಸಿದಳು. ಮೊದಲ ಲೋಟ ಅರ್ಧ ವಾಂತಿಯಾಯಿತು. ಎರಡನೆಯದು ಉಳಿಯಿತು. ಅವಳ ಕೈ ಹಿಡಿದು ಚರ್ಮ ಚಿವುಟಿ ಬಿಟ್ಟಳು. ಅದು ಮಡಿಸಿದ ಬಟ್ಟೆಯ ಅಂಚಿನ ಹಾಗೆ ಎದ್ದೇ ನಿಂತು, ಆಮೇಲೆ ಸೋಮಾರಿಯಂತೆ ಇಳಿಯಿತು.

ಬೀಗದಮ್ಮ ಕಣ್ಣು ತೆರೆದು ಕ್ಷಮೆ ಕೇಳಿದಳು. ತಪ್ಪು ತನ್ನದೇ ಇರಬೇಕಂತೆ. ಸ್ನಾನ ಮಾಡುವಾಗ ಯಾವಾಗಲೂ ಬಾಯಿ ಮುಚ್ಚಿಕೊಳ್ಳುತ್ತಿದ್ದಳಂತೆ, ಒಂದು ದಿನ ಮರೆತು ಹಾಡು ಗುನುಗಿದಳಂತೆ. ಆಗಲೇ ನೀರು ಒಳಗೆ ಹೋಗಿರಬೇಕು. "ನಿಮಗೆ ತೊಂದರೆ ಕೊಟ್ಟೆನು, ಅಕ್ಕ. ನೀವು ಇಷ್ಟು ಕಷ್ಟಪಟ್ಟು ನೀರು ಕುದಿಸುತ್ತೀರಿ."

ಹಾಗೇನಿಲ್ಲ ಬಿಡಿ ಎನ್ನುತ್ತಾ ಸೊಸೆ ಮೂರನೆಯ ಲೋಟಕ್ಕೆಂದು ಹೂಜಿಯ ತಟ್ಟೆ ತೆಗೆದಳು. ಹೂಜಿ ಬಗ್ಗಿಸಲು ಹೋದ ಕೈ ಅಲ್ಲೇ ನಿಂತಿತು.

ನೀರು ಕತ್ತಿನ ಹತ್ತಿರದವರೆಗೂ ಇತ್ತು. ಎರಡು ಲೋಟ ತೆಗೆದ ಮೇಲೂ. ಅವಳು ಇಟ್ಟು ಹೋಗುವಾಗ ನಾಲ್ಕು ಬೆರಳು ಕೆಳಗಿದ್ದ ನೀರು ಎರಡು ಲೋಟ ಖಾಲಿಯಾದ ಮೇಲೆ ಮೇಲಕ್ಕೆ ಹೇಗೆ ಬಂತು. ಹೂಜಿಯ ಮೈ ಮುಟ್ಟಿದಳು. ತಣ್ಣಗಿತ್ತು. ಆರು ಗಂಟೆಗೆ ಕುದಿಸಿದ ನೀರು ಇಷ್ಟು ಬೇಗ, ಇಷ್ಟು ತಣ್ಣಗೆ.

ಲೋಟವನ್ನು ಖಾಲಿಯೇ ಇಟ್ಟು, ಹೂಜಿ ಎತ್ತಿಕೊಂಡು ಕೆಳಗಿಳಿದಳು.

ಅಡುಗೆಮನೆಯಲ್ಲಿ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಅವರ ಬೆನ್ನ ಹಿಂದೆ, ಮೂಲೆಯಲ್ಲಿ, ಅವರ ಮಣ್ಣಿನ ಮಡಕೆ. ದಿನಾ ಬೆಳಗ್ಗೆ ಬೀದಿ ನಲ್ಲಿಯಿಂದ ಅವರೇ ಹಿಡಿದು ತುಂಬಿಸುವ ನೀರು. ಆ ಮಡಕೆಯ ನೀರು ಕುಡಿದವರು ಇನ್ನೊಂದು ಲೋಟ ಕೇಳದೆ ಹೋಗುವುದಿಲ್ಲ ಎಂಬುದು ಅವರ ನಲವತ್ತು ವರ್ಷದ ಹೆಮ್ಮೆ.

"ಅತ್ತೆ, ಹೂಜಿಗೆ ನೀರು ಹಾಕಿದ್ರಾ?"

"ಹಾಕ್ದೆ, ದಿನಾ ಹಾಕೋ ಹಾಗೆ," ಎಂದರು ಅತ್ತೆ ತಲೆಯೆತ್ತದೆ. "ಮಡಕೆಯಿಂದ ಎರಡು ಚೊಂಬು. ನೀನು ಹೊಗೆ ಆಡೋ ನೀರು ಇಟ್ಟು ಓಡ್ತೀಯ. ಮನೆಗೆ ಬಂದೋರಿಗೆ ಬಾಯಿ ಸುಡೋ ನೀರು ಕೊಡೋಕಾಗುತ್ತೇನೇ?"

"ಅದು ಆರೋವರೆಗೂ ಬಿಡಬೇಕಿತ್ತು."

"ಬಿಟ್ಟು ನೋಡಿದೀನಿ. ಆರಿದ ಮೇಲೆ ಬಾಯಿಗೆ ಇಟ್ಟರೆ ಚಪ್ಪೆ. ಸತ್ತ ನೀರು ಅದು. ಹದಿನೈದು ನಿಮಿಷ ಕುದಿಸಿದ್ರೆ ಅದರಲ್ಲಿ ಏನು ಜೀವ ಉಳಿದಿರುತ್ತೆ? ಅಷ್ಟು ದೂರದಿಂದ ಬಂದವಳು, ಒಳ್ಳೇ ನೀರು ಕುಡೀಲಿ ಅಂತ ಹಾಕ್ದೆ. ನಾವೆಲ್ಲ ಇದನ್ನೇ ಕುಡ್ದು ಬೆಳೀಲಿಲ್ವಾ? ನಿನ್ನ ಗಂಡ ಇದನ್ನೇ ಕುಡ್ದು ಬಾಗಿಲಿಗೆ ತಲೆ ತಾಗೋ ಹಾಗೆ ಬೆಳ್ದ."

ಸೊಸೆಗೆ ಕೋಪ ಬರಬೇಕಿತ್ತು. ಬರಲಿಲ್ಲ, ಬರೀ ಆಯಾಸ ಬಂತು. ಅತ್ತೆಯ ಮುಖದಲ್ಲಿ ಕಳ್ಳತನ ಇರಲಿಲ್ಲ. ಮುಚ್ಚಿಟ್ಟು ಮಾಡಿದ್ದಲ್ಲ, ಅವಳು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಮಾಡಿದ್ದು, ಅಷ್ಟೇ. ಆ ವಯಸ್ಸಾದ ದಂಪತಿಗೂ ಹೀಗೆಯೇ ಪ್ರೀತಿಯಿಂದ ಎರಡೆರಡು ಚೊಂಬು ಹಾಕಿರಬೇಕು. ಹತ್ತು ನಿಮಿಷವನ್ನು ಹದಿನೈದು ಮಾಡಿದ್ದು ನೆನಪಾಗಿ ಅವಳಿಗೆ ತನ್ನ ಮೇಲೇ ಕನಿಕರವಾಯಿತು. ಡಾಕ್ಟರಿಗೆ ಹೇಳಿದ ಮಾತೂ ನೆನಪಾಯಿತು. ಆಮೇಲೆ ಎರಡು ಲೋಟ ಓಆರ್‌ಎಸ್. ಅದನ್ನು ಕುಡಿಸಿದ್ದು ಅತ್ತೆಯಲ್ಲ.

"ಆ ನೀರಿಂದಲೇ ಅತ್ತೆ," ಎಂದಳು. "ಮೇಲೆ ಮಲಗಿರೋದು ಆ ನೀರಿಂದಲೇ."

ಅತ್ತೆಯ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಮುರಿಯದೆ ಹಾಗೇ ಉಳಿಯಿತು. ಮಡಕೆಯ ಕಡೆ ಒಮ್ಮೆ ತಿರುಗಿ ನೋಡಿದರು. ಮತ್ತೆ ಸೊಪ್ಪು ಬಿಡಿಸತೊಡಗಿದರು. ಎಲೆಯನ್ನು ಕಸಕ್ಕೆ ಹಾಕಿ ಕಡ್ಡಿಯನ್ನು ತಟ್ಟೆಗೆ ಹಾಕುತ್ತಿದ್ದುದನ್ನು ಸೊಸೆ ಕಂಡಳು, ಹೇಳಲಿಲ್ಲ.

ಹೂಜಿಯ ನೀರನ್ನು ಹಿತ್ತಲಿಗೆ ಚೆಲ್ಲಿ, ಹೂಜಿಯನ್ನು ಕುದಿಯುವ ನೀರಿನಿಂದ ತೊಳೆದು, ಮತ್ತೆ ಎಂಟು ಚೊಂಬು ಸೋಸಿ ಒಲೆಯ ಮೇಲಿಟ್ಟಳು. ಡಾಕ್ಟರಿಗೆ ಮತ್ತೆ ಫೋನು ಮಾಡಿದಳು. ಆಗ ಹೇಳಿದ್ದು ಸರಿಯಲ್ಲ, ನೀರಿಗೆ ಹಸಿ ನೀರು ಬೆರೆತಿತ್ತು ಎಂದಳು. ಯಾರು ಬೆರೆಸಿದರು ಎಂದು ಹೇಳಲಿಲ್ಲ, ಡಾಕ್ಟರೂ ಕೇಳಲಿಲ್ಲ. ಅವರು ಒಂದು ಮಾತ್ರೆಯ ಹೆಸರು ಹೇಳಿ ಬರೆದುಕೊಳ್ಳಿ ಎಂದರು. ಮಾತ್ರೆಗಿಂತ ನೀರು ಮುಖ್ಯ, ಒಳ್ಳೆಯ ನೀರು ಹೋಗ್ತಾನೇ ಇರಬೇಕು, ಕುಡಿಯೋದು ನಿಲ್ಲಿಸಿದರೆ ಕೈ ಮೀರುತ್ತೆ ಎಂದರು.

ಗಂಡ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವ್ವ ಹಾಗೆ ಮಾಡಿದ್ದಾ ಎಂದ, ಹಾಂ ಎಂದಳು. ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ.

"ಡಾಕ್ಟ್ರಿಗೆ ಹೇಳಿದ್ದಾಯ್ತಲ್ಲ. ಅವಳಿಗೆ ಹೇಳೋಕೆ ಹೋಗಬೇಡ," ಎಂದ. "ಒಳ್ಳೇ ನೀರು ಕೊಡು, ಮಾತ್ರೆ ಕೊಡು, ಎರಡು ದಿನಕ್ಕೆ ಎದ್ದು ಕೂರ್ತಾಳೆ. ಸ್ನಾನದ ನೀರು ಅಂತ ಅವಳೇ ಅಂದ್ಕೊಂಡಿದಾಳೆ. ಇರಲಿ ಬಿಡು. ಹೆಸರು ಹೊಡೆದ್ರೆ ಹೋಗೋದು ನಿಂದೇ ತಾನೇ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸೊಸೆ ಹಿಂದಿರುಗಿ ಗಡಿಯಾರ ನೋಡಿದಳು. ಇನ್ನೂ ಒಂಬತ್ತು ನಿಮಿಷ ಇತ್ತು. ಗಂಡ ಚಪ್ಪಲಿ ಮೆಟ್ಟಿಕೊಂಡು ಮಾತ್ರೆ ತರಲು ಮತ್ತೆ ಹೋದ.

ಕುದಿಸುವುದು ದೊಡ್ಡ ಕೆಲಸವಲ್ಲ, ಆರಿಸುವುದು ದೊಡ್ಡ ಕೆಲಸ ಎಂದು ಅವಳಿಗೆ ಆವತ್ತು ತಿಳಿಯಿತು. ಪಾತ್ರೆಯನ್ನು ಬಟ್ಟೆ ನೆನೆಸುವ ಟಬ್ಬಿನ ತಣ್ಣೀರಿನೊಳಗೆ ಇಳಿಸಿದಳು. ಟಬ್ಬಿನ ನೀರು ಬೆಚ್ಚಗಾದಾಗ ಚೆಲ್ಲಿ ಬೇರೆ ತುಂಬಿಸಿದಳು. ತೊಳೆದ ಎರಡು ಲೋಟ ಹಿಡಿದು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಎತ್ತಿ ಹೊಯ್ದಳು. ಬೀಸಣಿಗೆ ಬೀಸಿದಳು. ಆವಿ ಏಳುತ್ತಲೇ ಇತ್ತು. ಮೇಲಿನಿಂದ ಮಂಚ ಕಿರುಗುಟ್ಟುವುದು, ಬಚ್ಚಲಿಗೆ ತಡವರಿಸುವ ಹೆಜ್ಜೆ, ಮತ್ತೆ ಮಂಚ. ಮೂಲೆಯ ಮಡಕೆಯಲ್ಲಿ ತಣ್ಣನೆಯ ನೀರು ತುಂಬಿ ನಿಂತಿತ್ತು. ಎರಡು ಚೊಂಬು ಸುರಿದರೆ ಈ ಗಳಿಗೆಯಲ್ಲೇ ಮೇಲಕ್ಕೆ ಒಯ್ಯಬಹುದಿತ್ತು. ಅತ್ತೆ ಆರು ದಿನವೂ ಇಲ್ಲಿಯೇ ಹೀಗೇ ನಿಂತಿರಬೇಕು ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಅತ್ತೆ ಎದ್ದು ಬಂದು, ಅವಳ ಕೈಯಿಂದ ಬೀಸಣಿಗೆ ತೆಗೆದುಕೊಂಡು ತಾವು ಬೀಸತೊಡಗಿದರು.

ಒಂದು ಲೋಟದಷ್ಟು ಉಗುರುಬೆಚ್ಚಗಾದಾಗ ಪುಡಿ ಕಲಸಿ, ಗಂಡ ತಂದ ಮಾತ್ರೆ ಅಂಗೈಯಲ್ಲಿ ಹಿಡಿದು ಸೊಸೆ ಮೆಟ್ಟಿಲು ಹತ್ತಿದಳು. ಹಿಂದೆ ಅತ್ತೆ ಗೋಡೆ ಹಿಡಿದು ಏದುಸಿರು ಬಿಡುತ್ತಾ ಬಂದರು. ಗಂಡ ಮೆಟ್ಟಿಲ ನಡುವೆ ನಿಂತ.

ಬೀಗದಮ್ಮನ ತುಟಿ ಒಣಗಿ ಬಿಳಚಿತ್ತು. ಸೊಸೆ ಅವಳ ತಲೆಯ ಕೆಳಗೆ ಕೈಯಿಟ್ಟು ಎತ್ತಿದಳು. ಹಗುರವಾಗಿತ್ತು. ಲೋಟ ತುಟಿಯ ಹತ್ತಿರ ಬಂದಾಗ ಬೀಗದಮ್ಮ ಕಣ್ಣೆತ್ತಿ ನೋಡಿದಳು. ಅನುಮಾನದಿಂದ ಅಲ್ಲ. ದಿನವೂ ಕೇಳುತ್ತಿದ್ದ ಮಾತು, ಅಭ್ಯಾಸದಿಂದ ಬಂದದ್ದು.

"ಅಕ್ಕ, ಇದು ನೀವು ಕುದಿಸಿದ ನೀರು ತಾನೇ?"

ಹೌದು ಅಂದಿದ್ದರೆ ಮುಗಿದಿತ್ತು. ಹೌದು ಎನ್ನುವುದು ನಿಜವೂ ಆಗಿತ್ತು. ಆದರೆ ಅದೇ ಹೌದನ್ನು ಅವಳು ಆರು ದಿನ ಹೇಳಿದ್ದಳು, ಇದೇ ದನಿಯಲ್ಲಿ, ಇದೇ ಮುಖಕ್ಕೆ. ಅವಳು ಲೋಟವನ್ನು ತುಟಿಯಿಂದ ಸ್ವಲ್ಪ ಹಿಂದಕ್ಕೆ ಹಿಡಿದಳು. ಬೀಗದಮ್ಮ ಕಾಯುತ್ತಿದ್ದಳು. ಕಾದಷ್ಟೂ ಅವಳ ಕಣ್ಣು ಸ್ವಲ್ಪ ಸ್ವಲ್ಪವೇ ಬೇರೆಯಾಗುತ್ತಾ ಬಂತು.

ಸೊಸೆ ಹೇಳಿಬಿಟ್ಟಳು. ಅವಳಿಗೆ ಅರ್ಥವಾಗಲಿ ಎಂದು ಸಣ್ಣ ಸಣ್ಣ ಮಾತಿನಲ್ಲಿ, ಬಿಡಿಬಿಡಿಯಾಗಿ ಹೇಳಿದಳು. ಇದು ಕುದಿಸಿದ ನೀರು. ಇವತ್ತಿನ ಈ ಲೋಟ. ಬೆಳಗಿನದು ಅಲ್ಲ. ಅದಕ್ಕೆ ಹಸಿ ನೀರು ಸೇರಿತ್ತು, ನನಗೆ ಗೊತ್ತಿರಲಿಲ್ಲ. ನಿಮ್ಮ ಸ್ನಾನದ ನೀರಿನಿಂದ ಏನೂ ಆಗಿಲ್ಲ. ತಪ್ಪು ನಮ್ಮ ಮನೆಯದು. ಅತ್ತೆಯ ಕಡೆ ಅವಳು ತಿರುಗಲಿಲ್ಲ, ಆದರೂ ಬಾಗಿಲ ಬಳಿ ಬಳೆಯ ಸದ್ದು ಒಮ್ಮೆ ಆಗಿ ನಿಂತಿತು.

"ಎಷ್ಟು ದಿನದಿಂದ?" ಬೀಗದಮ್ಮ ಕೇಳಿದಳು.

"ನೀವು ಬಂದ ದಿನದಿಂದ."

ಬೀಗದಮ್ಮ ಬೈಯಲಿಲ್ಲ, ಅಳಲಿಲ್ಲ. ತಲೆಯನ್ನು ಸೊಸೆಯ ಕೈಯಿಂದ ನಿಧಾನವಾಗಿ ಸರಿಸಿ ದಿಂಬಿನ ಮೇಲೆ ತಾನೇ ಇಟ್ಟುಕೊಂಡಳು. ತುಟಿ ಬಿಗಿದುಕೊಂಡಳು, ಸ್ನಾನ ಮಾಡುವಾಗ ಹೀಗೆಯೇ ಬಿಗಿಯುತ್ತಿದ್ದಳೋ ಏನೋ. ಕಣ್ಣು ಲೋಟದ ಮೇಲಿತ್ತು, ಆಮೇಲೆ ಸೂರಿನ ಮೇಲೆ.

ಸೊಸೆ ತಾನು ಒಂದು ಗುಟುಕು ಕುಡಿದು ತೋರಿಸಿದಳು. ಅದರಿಂದ ಏನು ತೋರಿಸಿದಂತಾಯಿತು ಎಂದು ಕುಡಿದ ಮೇಲೆ ಅನ್ನಿಸಿತು. ಈ ಮನೆಯವರು ಮಡಕೆಯ ನೀರನ್ನೂ ಹೀಗೆಯೇ ಕುಡಿಯುತ್ತಾರಲ್ಲ. ಕೆಳಗೆ ಬಂದು ನೋಡಿ, ನಿಮ್ಮ ಎದುರಿಗೇ ಮತ್ತೆ ಕುದಿಸ್ತೀನಿ ಎನ್ನಬೇಕೆಂದುಕೊಂಡಳು. ಆದರೆ ಇವಳಿಗೆ ಎದ್ದು ಕೂರುವ ಶಕ್ತಿಯೂ ಇರಲಿಲ್ಲ.

ಆಂಬುಲೆನ್ಸಿನವರು ಫೋನು ಎತ್ತುತ್ತಿಲ್ಲ ಎಂದು ಗಂಡ ಮೆಟ್ಟಿಲಿನಿಂದಲೇ ಹೇಳಿದ. ಗಂಟೆ ಒಂದೂವರೆ. ಬಂದ್ ಮುಗಿಯಲು ಇನ್ನೂ ನಾಲ್ಕೂವರೆ ಗಂಟೆ ಇತ್ತು. ಸೊಸೆ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಬೀಗದಮ್ಮನ ಕೈಯನ್ನು ಎತ್ತಿ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟಳು. ಅದು ಎದ್ದು ನಿಂತಿತು. ಬೆಳಗಿಗಿಂತ ಹೆಚ್ಚು ಹೊತ್ತು ನಿಂತಿತು.

"ಒಂದು ಗುಟುಕು ಕುಡೀರಿ," ಎಂದಳು.

ಬೀಗದಮ್ಮ ತುಟಿ ತೆರೆಯಲಿಲ್ಲ.